ಗಂಟಕ್ಕನನ್ನು ಪರೀಕ್ಷಿಸಿದವರು

ಗಂಟಕ್ಕನಿಗೆ ಸಿಟ್ಟು ಬಂದರೆ ಹೊಲಿಗೆ ಮಷೀನುಗಳೂ ದನಿ ತಗ್ಗಿಸುತ್ತವೆ ಎಂದು ನಮ್ಮ ಕಾರ್ಖಾನೆಯಲ್ಲಿ ಒಂದು ಮಾತಿತ್ತು. ನಾನು ಅಲ್ಲಿ ನೇಮಕಾತಿ ಕೋಣೆಯ ಗುಮಾಸ್ತೆ. ಅರ್ಜಿಗಳನ್ನು ಜೋಡಿಸುವುದು, ಸಭೆಗಳಲ್ಲಿ ಮೂಲೆಗೆ ಕೂತು ಯಾರು ಏನು ಹೇಳಿದರೆಂದು ಬರೆದುಕೊಳ್ಳುವುದು ನನ್ನ ಕೆಲಸ. ಹಾಗಾಗಿ ಆ ವರ್ಷ ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ, ಎರಡು ಸಲ ಸುಮ್ಮಸುಮ್ಮನೆ ಬೈಸಿಕೊಂಡೆ ಕೂಡ.

ನಮ್ಮಲ್ಲಿ ತಯಾರಾಗುತ್ತಿದ್ದದ್ದು ಎತ್ತರದಲ್ಲಿ ಕೆಲಸ ಮಾಡುವವರು ಎದೆಗೆ, ತೊಡೆಗೆ ಬಿಗಿದುಕೊಳ್ಳುವ ಬೆಲ್ಟು. ಕಟ್ಟಡಕ್ಕೆ ಬಣ್ಣ ಹೊಡೆಯುವವರು, ಕಂಬ ಹತ್ತುವವರು, ಗಾಜಿನ ಗೋಡೆ ಒರೆಸುವವರು, ಇವರೆಲ್ಲರ ಜೀವ ನಮ್ಮ ಹೊಲಿಗೆಗೆ ಜೋತುಬಿದ್ದಿರುತ್ತದೆ. ಗಂಟಕ್ಕ ಹೊಲಿಗೆ ವಿಭಾಗದ ಮುಖ್ಯಸ್ಥೆ. ಹತ್ತೊಂಬತ್ತನೇ ವಯಸ್ಸಿಗೆ ದಾರ ಕತ್ತರಿಸುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಅಲ್ಲೇ ಸವೆದವಳು. ದಾರದ ಕೊನೆಗೆ ಅವಳು ಹಾಕುವ ಗಂಟು ಬಿಚ್ಚುತ್ತಿರಲಿಲ್ಲ ಎಂದು ಆ ಹೆಸರು ಬಂತೆಂದು ಹಳಬರು ಹೇಳುತ್ತಿದ್ದರು. ಸದಾ ಗಂಟಿಕ್ಕಿದ ಹುಬ್ಬು ನೋಡಿದರೆ ಸಾಕು, ಬೇರೆ ಕಾರಣ ಯಾಕೆ ಎಂದು ಹೊಸಬರು ಹೇಳುತ್ತಿದ್ದರು. ಎಲ್ಲ ಬೆಲ್ಟನ್ನೂ ಎಳೆದು ನೋಡಲಾಗದು, ಹೊಲಿಗೆಯ ಮೇಲೆ ಕಣ್ಣಾಡಿಸಿ ಅವಳು ಮೊಹರು ಒತ್ತದೆ ಒಂದೂ ಗೇಟು ದಾಟುತ್ತಿರಲಿಲ್ಲ.

ಕೆಲಸ ಕೇಳಿಕೊಂಡು ಬಂದವರನ್ನು ಪರೀಕ್ಷಿಸುತ್ತಿದ್ದವಳೂ ಅವಳೇ. ಗೇಣುದ್ದದ ಎರಡು ದಪ್ಪ ಪಟ್ಟಿ ಕೊಡುವಳು. ಒಂದರ ಮೇಲೊಂದಿಟ್ಟು ಚೌಕ ಹೊಲಿಯಬೇಕು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು ಹೊಲಿಯಬೇಕು. ಅರ್ಧ ಗಂಟೆ. ಆಮೇಲೆ ಅದನ್ನು ಎಳೆಯುವ ಯಂತ್ರಕ್ಕೆ ಸಿಕ್ಕಿಸಿ, ದಾರ ಎಲ್ಲಿ ಮೊದಲು ಕಿತ್ತುಬರುತ್ತದೆಂದು ನೋಡುವಳು. ಉದ್ದನೆಯ ರಿಜಿಸ್ಟರಿನಲ್ಲಿ ದಿನಾಂಕ, ಹೆಸರು, ಕೂತ ಮಷೀನಿನ ನಂಬರು, ಕೊನೆಗೆ ‘ಬೇಕು’ ಅಥವಾ ‘ಬೇಡ’. ಮೂರನೆಯ ಮಾತೇ ಇಲ್ಲ. ದಿನಕ್ಕೆ ನಾಲ್ಕೈದು ಜನಕ್ಕಿಂತ ಹೆಚ್ಚು ನೋಡುತ್ತಿರಲಿಲ್ಲ.

ಆ ವರ್ಷದ ಮೊದಲಲ್ಲಿ ಒಂದು ಬೆಲ್ಟು ವಾಪಸು ಬಂತು. ಎಂಟನೇ ಮಹಡಿಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದವನ ಎಡತೊಡೆಯ ಪಟ್ಟಿ ಕಿತ್ತುಬಂದು, ಆತ ಒಂದೇ ಪಟ್ಟಿಯ ಮೇಲೆ ಇಪ್ಪತ್ತು ನಿಮಿಷ ತಲೆಕೆಳಗಾಗಿ ತೂಗಿದ್ದ. ಜೀವ ಉಳಿಯಿತು, ಭುಜದ ಮೂಳೆ ಮುರಿಯಿತು. ಯಜಮಾನರು ಸಭೆ ಕರೆದರು. ನೇಮಕಾತಿ ಮ್ಯಾನೇಜರು ಎದ್ದುನಿಂತು ಸಣ್ಣ ದನಿಯಲ್ಲಿ ಹೇಳಿದರು: “ನಮ್ಮ ಆಯ್ಕೆ ವಿಧಾನವೇ ಹಳೇದಾಯ್ತು ಸರ್. ಒಬ್ಬರ ಕಣ್ಣಂದಾಜಿನ ಮೇಲೆ ಎಷ್ಟು ದಿನ ನಡೆಸೋದು?”

ಗಂಟಕ್ಕ ಎದ್ದು ಹೋಗಿ ರಿಜಿಸ್ಟರು ತಂದು, ಒಂದು ಪುಟ ತೆರೆದು ಮ್ಯಾನೇಜರ ಮುಂದೆ ಬಡಿದಳು. ಆ ಬೆಲ್ಟು ಹೊಲಿದವನ ಹೆಸರಿನ ಮುಂದೆ ‘ಬೇಡ’ ಎಂದು ಬರೆದಿತ್ತು. ಅದರ ಕೆಳಗೆ ಮ್ಯಾನೇಜರ ಸಹಿ: ‘ತುರ್ತು ಅಗತ್ಯ, ತೆಗೆದುಕೊಳ್ಳಲಾಗಿದೆ.’

“ನಾನು ಬೇಡ ಅಂದವನನ್ನ ನೀವು ತಗೊಂಡ್ರಿ. ಈಗ ನನ್ನ ಕಣ್ಣಿಗೆ ಪೊರೆ ಬಂದಿದೆ ಅಂತೀರಾ? ಕಳ್ಳನಿಗೊಂದು ಪಿಳ್ಳೆ ನೆವ!”

ಮ್ಯಾನೇಜರ ಮುಖ ಕೆಂಪಾಯಿತು. ಆದರೆ ಅವರ ಮಾತಿನಲ್ಲೂ ಹುರುಳಿತ್ತು. ಹೊಸ ಆರ್ಡರು ಬಂದಿತ್ತು, ಎರಡು ತಿಂಗಳಲ್ಲಿ ಇನ್ನೂರೈವತ್ತು ಹೊಲಿಗೆಯವರು ಬೇಕಿತ್ತು. ದಿನಕ್ಕೆ ನಾಲ್ವರನ್ನು ನೋಡಿ ಇಬ್ಬರನ್ನು ಒಪ್ಪಿದರೆ ಅದು ಯಾವ ಕಾಲಕ್ಕೂ ಮುಗಿಯುವ ಲೆಕ್ಕವಲ್ಲ. ಪರೀಕ್ಷೆ ನಡೆಸಿಕೊಡುವ ಹೊರಗಿನ ಸಂಸ್ಥೆಯೊಂದನ್ನು ಆರಿಸೋಣ ಎಂದು ಯಜಮಾನರು ತೀರ್ಮಾನಿಸಿದರು. ಆರಿಸುವ ಸಮಿತಿಯಲ್ಲಿ ಮೂವರು: ಯಜಮಾನರು, ಮ್ಯಾನೇಜರು, ಗಂಟಕ್ಕ. ಹುಲಿಯನ್ನೂ ಹಸುವನ್ನೂ ಒಂದೇ ಕೊಟ್ಟಿಗೆಗೆ ಕಟ್ಟಿದ ಹಾಗೆ.

ಮೂರು ಸಂಸ್ಥೆಗಳು ಬಂದವು. ಮೊದಲನೆಯದು ದೊಡ್ಡದು. ಕೋಟು ತೊಟ್ಟವನೊಬ್ಬ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಮೂಡಿಸಿ, ಒಂದೇ ಬೆಳಿಗ್ಗೆ ಇನ್ನೂರು ಜನರನ್ನು ಪರೀಕ್ಷಿಸುವುದಾಗಿ ಹೇಳಿದ. ಕಂಪ್ಯೂಟರಿನ ಮುಂದೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಅರವತ್ತು ಪ್ರಶ್ನೆ. ಉತ್ತರಿಸುವಾಗ ಕಣ್ಣು ಎತ್ತ ಹೊರಳುತ್ತದೆಂದು ಕ್ಯಾಮೆರಾ ನೋಡುತ್ತಿರುತ್ತದೆ.

“ಹೊಲಿಗೆ ಎಲ್ಲಿ ಬರತ್ತೆ ಇದರಲ್ಲಿ?” ಗಂಟಕ್ಕ ಕೇಳಿದಳು.

“ಹೊಲಿಗೆ ಕಲಿಸಬಹುದು ಮೇಡಂ. ನಾವು ಅಳೆಯೋದು ಮನೋಭಾವನೆ.”

“ಮನೋಭಾವನೆಗೆ ಜೋತುಬಿದ್ದು ಎಂಟನೇ ಮಹಡಿ ಇಳಿದು ತೋರಿಸಪ್ಪಾ, ನೋಡೋಣ.”

ಎರಡನೆಯವರು ಇಬ್ಬರು ಹುಡುಗಿಯರು, ಪಾಪ, ಒಳ್ಳೆಯವರು. ಫೋನಿನಲ್ಲಿ ಗುಳ್ಳೆ ಒಡೆಯುವ ಆಟ ಆಡಿಸಿ ಕೈಚಳಕ ಅಳೆಯುತ್ತೇವೆಂದರು. ಮೂರನೆಯದರಲ್ಲಿ ಒಟ್ಟು ಮೂರೇ ಜನ. ಅದನ್ನು ನಡೆಸುತ್ತಿದ್ದವಳು ಬೂಟು ಕಾರ್ಖಾನೆಯಲ್ಲಿ ಹದಿನೈದು ವರ್ಷ ಅಟ್ಟೆ ಹೊಲಿದು, ಆಮೇಲೆ ಸಂಖ್ಯಾಶಾಸ್ತ್ರ ಓದಿಕೊಂಡವಳು. ನಮ್ಮ ಹೊಲಿಗೆ ವಿಭಾಗದವರು ಆ ಮಧ್ಯಾಹ್ನವೇ ಅವಳಿಗೆ ಬೂಟಕ್ಕ ಎಂದು ಹೆಸರಿಟ್ಟರು. ಅವಳು ಚಿತ್ರ ತೋರಿಸಲಿಲ್ಲ. “ಮೊದಲು ಅರ್ಧ ದಿನ ನಿಮ್ಮ ಕೆಲಸ ನೋಡ್ತೀನಿ. ನೋಡದೆ ಏನಂತ ಹೇಳ್ಲಿ?” ಎಂದಳು.

ಗಂಟಕ್ಕ ಒಂದು ಷರತ್ತು ಹಾಕಿದಳು. ನಮ್ಮಲ್ಲೇ ಇರುವ ಹನ್ನೆರಡು ಜನರನ್ನು ಮೂರು ಸಂಸ್ಥೆಯವರೂ ಪರೀಕ್ಷಿಸಲಿ. ಯಾರ ಕೆಲಸ ಹೇಗೆಂದು ನಮಗೆ ಗೊತ್ತು, ಅವರಿಗೆ ಗೊತ್ತಿರಬಾರದು. ಯಾರು ಕೊಡುವ ಹೆಸರಿನ ಪಟ್ಟಿ ನಿಜಕ್ಕೆ ಹತ್ತಿರವಿದೆಯೋ ಅವರನ್ನು ಆರಿಸೋಣ. ಯಜಮಾನರಿಗೆ ಇದು ನ್ಯಾಯವೆನ್ನಿಸಿತು. ಆರು ಜನ ಕೈ ಪಳಗಿದವರು, ಮೂವರು ಮಧ್ಯಮ, ಮೂವರು ನಾಮಕಾವಾಸ್ತೆಯವರು. ಪಳಗಿದವರಲ್ಲಿ ಎಲ್ಲರಿಗಿಂತ ಮೇಲೆ ಮೌನಿ. ಹುಟ್ಟಿನಿಂದ ಕಿವಿ ಕೇಳದವಳು, ಹನ್ನೊಂದು ವರ್ಷದಲ್ಲಿ ಅವಳ ಒಂದು ಬೆಲ್ಟೂ ವಾಪಸು ಬಂದಿರಲಿಲ್ಲ. ನಾಮಕಾವಾಸ್ತೆಯವರಲ್ಲಿ ಮುಖ್ಯ ರೇಡಿಯೋ. ಬಾಯಿ ಮುಚ್ಚಿದ್ದು ಯಾರೂ ಕಂಡಿಲ್ಲ, ಹೊಲಿಗೆ ನೇರ ಹೋದದ್ದೂ ಯಾರೂ ಕಂಡಿಲ್ಲ.

ವಾರದ ನಂತರ ಫಲಿತಾಂಶ ಬಂತು. ನಾನೇ ಓದಿದೆ. ಕೋಟಿನವನ ಪಟ್ಟಿಯಲ್ಲಿ ಮೊದಲನೇ ಹೆಸರು ರೇಡಿಯೋ: ‘ನಾಯಕತ್ವದ ಲಕ್ಷಣಗಳಿವೆ.’ ಹನ್ನೆರಡನೇ ಹೆಸರು ಮೌನಿ: ‘ಸೂಚನೆ ಪಾಲಿಸುವುದಿಲ್ಲ. ಕಣ್ಣು ಪದೇ ಪದೇ ಪಕ್ಕಕ್ಕೆ ಹೊರಳಿದೆ. ಪ್ರಾಮಾಣಿಕತೆ ಅನುಮಾನಾಸ್ಪದ.’

ಹೆಡ್‌ಫೋನಿನಲ್ಲಿ ಬಂದ ಸೂಚನೆ ಅವಳಿಗೆ ಕೇಳಿಸುವುದಾದರೂ ಹೇಗೆ? ಪಕ್ಕದವರು ಏನು ಮಾಡುತ್ತಿದ್ದಾರೆಂದು ನೋಡಿದ್ದಾಳೆ. ಅಷ್ಟೇ.

ಗಂಟಕ್ಕನ ಸಿಟ್ಟನ್ನು ನಾನು ಬಹಳ ಸಲ ನೋಡಿದ್ದೆ, ಆದರೆ ಅವತ್ತಿನದು ಬೇರೆ. ಮೂಗಿನ ಹೊಳ್ಳೆ ಅರಳಿ, ದನಿ ಮಾತ್ರ ಪಾತಾಳಕ್ಕೆ ಇಳಿದಿತ್ತು. “ಕಳ್ಳಿ ಅಂತ ಬರೆದಿದಾನೆ. ನಮ್ಮ ಮೌನೀನ ಕಳ್ಳಿ ಅಂತ ಬರೆದಿದಾನೆ. ಇದನ್ನ ಅವಳಿಗೆ ನಾನು ಕೈಸನ್ನೆ ಮಾಡಿ ಹೇಳ್ಲಾ, ನೀವು ಹೇಳ್ತೀರಾ ಮ್ಯಾನೇಜರೇ?”

ಮ್ಯಾನೇಜರು ಕಿಟಕಿ ಕಡೆ ನೋಡಿದರು.

ಗುಳ್ಳೆ ಆಟದಲ್ಲಿ ಮೊದಲು ಬಂದವನು ಇಡೀ ಮಧ್ಯಾಹ್ನ ಶೌಚಾಲಯದಲ್ಲಿ ಫೋನು ಹಿಡಿದು ಕೂರುವ ನಮ್ಮ ಇನ್ನೊಬ್ಬ ನಾಮಕಾವಾಸ್ತೆ. ಅಷ್ಟು ಅಭ್ಯಾಸವಿದ್ದ ಮೇಲೆ ಬಾರದೆ ಇರುತ್ತಾನೆಯೇ!

ಬೂಟಕ್ಕ ಎಲ್ಲರನ್ನೂ ಒಂದೇ ಮಷೀನಿನ ಮೇಲೆ ಕೂರಿಸಿ, ಒಬ್ಬೊಬ್ಬರಿಂದ ಮೂರು ಮೂರು ತುಂಡು ಹೊಲಿಸಿ, ಸೂಚನೆಯನ್ನು ಮಾತಿನಲ್ಲಿ ಹೇಳದೆ ಹೊಲಿದು ತೋರಿಸಿ ಕೊಟ್ಟಿದ್ದಳು. ತುಂಡಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಅವಳ ಪಟ್ಟಿಯ ಮೊದಲ ಹೆಸರು ಮೌನಿ. ನಾಮಕಾವಾಸ್ತೆ ಮೂವರಲ್ಲಿ ಇಬ್ಬರನ್ನು ಹಿಡಿದಿದ್ದಳು, ಒಬ್ಬನನ್ನು ಮಧ್ಯಮದಲ್ಲಿ ಸೇರಿಸಿದ್ದಳು.

“ಒಂದು ತಪ್ಪಿದೆ,” ಗಂಟಕ್ಕ ಹೇಳಿದಳು.

“ಇರತ್ತೆ ಅಕ್ಕ. ತಪ್ಪೇ ಇಲ್ಲ ಅನ್ನೋರನ್ನ ನಂಬಬೇಡಿ. ಆರು ತಿಂಗಳಿಗೊಂದ್ಸಲ ನನ್ನ ಪಟ್ಟೀನ ನಿಮ್ಮ ಕೆಲಸದ ಜೊತೆ ಹೋಲಿಸಿ ನೋಡಿ. ಆದ್ರೆ ನಿಮ್ಮ ರಿಜಿಸ್ಟರ್ ನನಗೂ ಬೇಕು. ಬೇಕು ಅಂದೋರ ಕೆಲಸ ನೋಡಿದೆ. ಬೇಡ ಅಂದೋರು ನಿಜವಾಗ್ಲೂ ಬೇಡದವರೇನಾ ಅಂತ ನೋಡಬೇಕು.”

“ಏನು? ನನ್ನನ್ನೇ ಪರೀಕ್ಷೆ ಮಾಡೋಕೆ ಬಂದ್ಯಾ?”

“ಹೌದು. ನೀವು ನನ್ನನ್ನ ಮಾಡಿದ್ರಲ್ಲ.”

ಗಂಟಕ್ಕ ಬಾಗಿಲು ಧಡಾರನೆ ಹಾಕಿಕೊಂಡು ಹೋದಳು. ಅರ್ಧ ಗಂಟೆಯ ಮೇಲೆ ತಿರುಗಿ ಬಂದು, ರಿಜಿಸ್ಟರನ್ನು ನನ್ನ ಮಡಿಲಿಗೆ ಎಸೆದಳು. “ಕೊಡು ಅವಳಿಗೆ. ಒಂದು ಹಾಳೆ ಹರಿದ್ರೆ ನಿನ್ನ ಕೈ ಮುರೀತೀನಿ.”

ಬೂಟಕ್ಕ ಎರಡು ದಿನ ನನ್ನ ಮೇಜಿನ ಪಕ್ಕದಲ್ಲೇ ಕೂತು ಎಣಿಸಿದಳು. ಪರೀಕ್ಷೆಗೆಂದು ಕಿಟಕಿಯ ಬಳಿ ಎರಡು ಮಷೀನು ಬಿಟ್ಟಿದ್ದರು, ಮೂರನೇ ನಂಬರು ಮತ್ತು ಏಳನೇ ನಂಬರು. ಯಾವುದು ಖಾಲಿಯೋ ಅದರಲ್ಲಿ ಬಂದವರನ್ನು ಕೂರಿಸುವುದು. ಕಳೆದ ಎಂಟು ವರ್ಷದಲ್ಲಿ ಮೂರರಲ್ಲಿ ಕೂತವರು ನೂರೈವತ್ತೆರಡು, ‘ಬೇಡ’ ಐವತ್ತೆಂಟು. ಏಳರಲ್ಲಿ ಕೂತವರು ನೂರನಲವತ್ತು, ‘ಬೇಡ’ ತೊಂಬತ್ತಾರು.

ಗಂಟಕ್ಕ ಆ ಲೆಕ್ಕ ಬರೆದ ಕಾಗದ ಓದಿ ನಕ್ಕಳು. “ತಪ್ಪನ್ನ ಮಷೀನ್ ಮೇಲೆ ಹಾಕ್ತೀಯಾ? ಬಾ, ತೋರಿಸ್ತೀನಿ.” ಏಳನೇ ಮಷೀನಿನಲ್ಲಿ ಕೂತು, ಕಣ್ಣು ಮಿಟುಕಿಸುವುದರೊಳಗೆ ಎಂಬಂತೆ ಚೌಕ ಹೊಲಿದು, ಗುಣಾಕಾರ ಹೊಲಿದು, ದಾರ ಕತ್ತರಿಸಿ ಮುಖದ ಮುಂದೆ ಹಿಡಿದಳು. ಗೆರೆ ಎಳೆದ ಹಾಗಿತ್ತು.

“ಏನಾಗಿದೆ ಮಷೀನ್‌ಗೆ? ಹೇಳು!”

“ಇನ್ನೊಂದ್ಸಲ ಹೊಲೀರಿ ಅಕ್ಕ. ಈ ಸಲ ನಿಮ್ಮ ಎಡಗೈ ನೋಡ್ಕೊಳ್ಳಿ.”

ನಾವೆಲ್ಲ ನೋಡಿದೆವು. ಕೂತ ಕೂಡಲೇ ಅವಳ ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ, ದಾರದ ಬಿಗಿ ಹಿಡಿಯುವ ತಿರುಪನ್ನು ಕಾಲು ಸುತ್ತು ತಿರುಗಿಸಿತು. ಮೂಲೆ ಬಂದಾಗಲೆಲ್ಲ ಎರಡು ಬೆರಳು ದಾರವನ್ನು ಮೆಲ್ಲಗೆ ಹಿಡಿದು ಬಿಟ್ಟವು. ಅವಳಿಗೇ ಅದು ತಿಳಿದಿರಲಿಲ್ಲ. ಮೂವತ್ತು ವರ್ಷ ಪಳಗಿದ ಕೈ ಮಷೀನಿನ ರೋಗಕ್ಕೆ ಹೇಳದೆ ಕೇಳದೆ ಮದ್ದು ಮಾಡುತ್ತಿತ್ತು. ಕೆಲಸಕ್ಕೆಂದು ಹೆದರಿಕೊಂಡು ಬಂದವರು ಪರರ ಮಷೀನಿನ ತಿರುಪು ಮುಟ್ಟುವ ಧೈರ್ಯ ಮಾಡುತ್ತಾರೆಯೇ? ಫಿಟ್ಟರನ್ನು ಕರೆಸಿ ಬಿಚ್ಚಿಸಿದರೆ ಒಳಗಿನ ಸ್ಪ್ರಿಂಗು ಸವೆದು ಹೋಗಿತ್ತು. ಮೂಲೆ ತಿರುಗಿದಾಗ ದಾರ ಸಡಿಲವಾಗುತ್ತಿತ್ತು. ಸರಿಯಾಗಿ ಅಲ್ಲೇ ಕಿತ್ತುಬರುತ್ತಿತ್ತು.

ಅವಳು ಮೊದಲು ಫಿಟ್ಟರನ್ನು ಬೈದಳು. ಆಮೇಲೆ ನನ್ನನ್ನು ಬೈದಳು. ಆಮೇಲೆ ಬೂಟಕ್ಕನನ್ನು ಬೈಯಲು ಬಾಯಿ ತೆರೆದವಳು ತೆರೆದ ಬಾಯಿಯಲ್ಲೇ ನಿಂತುಬಿಟ್ಟಳು. ಊಟದ ಗಂಟೆ ಹೊಡೆಯಿತು, ನನ್ನ ಹೊರತು ಎಲ್ಲರೂ ಎದ್ದುಹೋದರು. ಖಾಲಿ ಕೋಣೆಯಲ್ಲಿ ಅವಳು ಏಳನೇ ಮಷೀನಿನ ಹಲಗೆಯನ್ನು ಮುಷ್ಟಿಯಿಂದ ಗುದ್ದುತ್ತ ಕೂತಿದ್ದಳು.

“ತೊಂಬತ್ತಾರು ಜನ ಕಣೇ,” ಎಂದಳು. “ಅದರಲ್ಲಿ ಯಾರಿಗೆ ಬರ್ತಿತ್ತು, ಯಾರಿಗೆ ಬರ್ತಿರಲಿಲ್ಲ ಅಂತ ಈಗ ಯಾವ ದೇವರನ್ನ ಕೇಳ್ಲಿ? ಮೂತಿ ಮೇಲೆ ಬೇಡ ಅಂದು ಕಳಿಸಿದೀನಿ.” ಹಲಗೆಗೆ ಇನ್ನೊಂದು ಗುದ್ದು ಕೊಟ್ಟು, “ಅವಳೂ ಏಳರಲ್ಲೇ ಕೂತಿದ್ಲು. ಪುಟ ತೆಗೆದು ನೋಡಿದೆ,” ಎಂದಳು.

ಅವಳು ಎಂದರೆ ಗಂಟಕ್ಕನ ತಂಗಿಯ ಮಗಳು. ಆರು ವರ್ಷದ ಹಿಂದೆ ಕೆಲಸಕ್ಕೆಂದು ಬಂದಿದ್ದಳು. “ದೊಡ್ಡಮ್ಮ, ದಾರ ನಿಲ್ತಾ ಇಲ್ಲ, ಮಷೀನ್ ಸರಿಯಿಲ್ಲ,” ಎಂದು ಹುಡುಗಿ ಎರಡು ಸಲ ಹೇಳಿದ್ದಳಂತೆ. ಸ್ವಂತದವಳೆಂದು ರಿಯಾಯಿತಿ ತೋರಿಸಿದರೆಂಬ ಮಾತು ಬರಬಾರದೆಂದು ಗಂಟಕ್ಕ ಎಲ್ಲರಿಗೂ ಕೇಳಿಸುವಂತೆ, “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!” ಎಂದುಬಿಟ್ಟಳು. ಇಡೀ ವಿಭಾಗ ನಕ್ಕಿತ್ತು. ಅವತ್ತಿನಿಂದ ಅಕ್ಕ ತಂಗಿಯರ ನಡುವೆ ಮಾತಿಲ್ಲ, ಕತೆಯಿಲ್ಲ.

ಮುಂದಿನ ರಜೆಯ ಬೆಳಿಗ್ಗೆ ಗಂಟಕ್ಕ ನನ್ನನ್ನೂ ಎಳೆದುಕೊಂಡು ಹೊರಟಳು. ಒಬ್ಬಳೇ ಹೋದರೆ ಬಾಗಿಲಿಂದಲೇ ವಾಪಸು ಬರುತ್ತೇನೆಂದು ಅವಳಿಗೆ ಹೆದರಿಕೆ. ತಂಗಿಯ ಮನೆ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ಸೋಪಿನ ವಾಸನೆ. ತಂಗಿ ಬಾಗಿಲು ತೆರೆದವಳು ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಗಂಟಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸ್ಪ್ರಿಂಗಿನ ವಿಷಯ, ಎಡಗೈಯ ವಿಷಯ, ತೊಂಬತ್ತಾರರ ವಿಷಯ.

ತಂಗಿ ಪೂರ್ತಿ ಕೇಳಿಸಿಕೊಂಡಳು. “ಆಯ್ತಾ? ಆರು ವರ್ಷ ಆದ್ಮೇಲೆ ನೆಲ ಡೊಂಕಿತ್ತು ಅಂತ ಹೇಳೋಕೆ ಬಂದ್ಯಾ ಅಕ್ಕ? ಆ ಹುಡುಗಿ ಮೂರು ತಿಂಗಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ನೀನೇ ಹೇಳಿದ ಮೇಲೆ ತನಗೆ ಏನೂ ಬರಲ್ಲ ಅಂತ ನಂಬಿಬಿಟ್ಟಿದ್ಲು. ಪರರು ಅಂದಿದ್ರೆ ನಂಬ್ತಿರಲಿಲ್ಲ.”

“ಅದಕ್ಕೇ ಬಂದೆ. ಅವಳನ್ನ ಮತ್ತೆ ಕರ್ಕೊಂಡು ಹೋಗ್ತೀನಿ. ಬೇರೆಯವರು ಪರೀಕ್ಷೆ ಮಾಡ್ಲಿ, ನಾನು ಕೋಣೆಯಲ್ಲೂ ಇರಲ್ಲ.”

ಒಳಗಿನಿಂದ ಮಗಳು ಬಂದಳು. ಈಗ ಅವಳಿಗೆ ಇಪ್ಪತ್ತೈದರ ಆಸುಪಾಸು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸ. ಕೂದಲೆಳೆ ಹೆಚ್ಚುಕಮ್ಮಿಯಾದರೂ ಕೆಡುವ ಕೆಲಸ ಅದು.

“ನಾನು ಬರಲ್ಲ ದೊಡ್ಡಮ್ಮ. ನನ್ನ ಕೆಲಸ ನನಗೆ ಚೆನ್ನಾಗಿದೆ. ನೀವು ಬೇಡ ಅಂದಿದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ. ಅಷ್ಟು ಜನ ನನ್ನ ನೋಡಿ ನಗೋ ಹಾಗೆ ಮಾಡಿದ್ರಲ್ಲ, ಅದಕ್ಕೆ ಸಿಟ್ಟು. ಇನ್ನೂ ಇದೆ.”

“ಇರ್ಲಿ,” ಎಂದಳು ಗಂಟಕ್ಕ. “ಇಟ್ಕೋ. ಇರಬೇಕಾದ್ದೇ.”

ತಂಗಿ ಪಕ್ಕಕ್ಕೆ ಸರಿದು, “ಮೆಟ್ಟಿಲು ಹತ್ತಿ ಬಂದಿದೀಯ, ನೀರಾದ್ರೂ ಕುಡಿ,” ಎಂದಳು. ಕುಡಿದು ಹೊರಟೆವು. ದಾರಿಯಲ್ಲಿ ಗಂಟಕ್ಕ ಎದುರಿಗೆ ಬಂದ ಸೈಕಲ್ಲಿನವನನ್ನು ಕಾರಣವಿಲ್ಲದೆ ಬೈದಳು.

ಕೊನೆಯ ಸಭೆಯಲ್ಲಿ ಅವಳು ತೊಂಬತ್ತಾರರ ವಿಷಯ ತಾನಾಗಿಯೇ ಎತ್ತಿದಳು. ಬೂಟಕ್ಕ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮ್ಯಾನೇಜರಿಗೆ ಅದು ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. “ನೋಡಿದ್ರಾ ಸರ್? ಅದಕ್ಕೇ ಮನುಷ್ಯರ ಕೈಗೆ ಕೊಡಬಾರದು ಅನ್ನೋದು! ದೊಡ್ಡ ಸಂಸ್ಥೆಗೇ ಕೊಡೋಣ. ಮೌನಿ ಹೇಗೂ ನಮ್ಮಲ್ಲೇ ಇದಾಳೆ, ಪರೀಕ್ಷೆ ಹೊಸಬರಿಗೆ ತಾನೆ?”

“ನಾಳೆ ಇನ್ನೊಬ್ಬ ಮೌನಿ ಬಾಗಿಲಿಗೆ ಬಂದ್ರೆ?” ಎಂದು ಗಂಟಕ್ಕ ಎದ್ದಳು. “ನಾನು ತಪ್ಪು ಮಾಡಿದೀನಿ. ಸಾಮಾನ್ಯ ತಪ್ಪಲ್ಲ. ಆದ್ರೆ ನನ್ನ ತಪ್ಪು ರಿಜಿಸ್ಟರ್‌ನಲ್ಲಿತ್ತು. ಯಾರೋ ಬಂದು ಎಣಿಸಿ, ನನ್ನ ಮುಖಕ್ಕೆ ಹಿಡಿಯೋಕೆ ಆಯ್ತು. ಇವರ ತಪ್ಪು ಎಲ್ಲಿ ಬರೆದಿರತ್ತೆ? ಅದನ್ನ ತೋರಿಸಿ.”

ಸಭೆಗೆ ಬಂದಿದ್ದ ಕೋಟಿನವನು ಗಂಟಲು ಸರಿಮಾಡಿಕೊಂಡ. “ಅಂಕ ಹೇಗೆ ಬರತ್ತೆ ಅನ್ನೋದು ನಮ್ಮ ವ್ಯವಹಾರದ ಗುಟ್ಟು ಮೇಡಂ.”

“ಕೇಳಿದ್ರಾ? ಗುಟ್ಟಂತೆ!”

ಆದರೂ ಯಜಮಾನರು ಕೋಟಿನವನ ಕಾಗದಕ್ಕೇ ಸಹಿ ಹಾಕಿದರು. ಬೇಗ ಆಗಬೇಕಿತ್ತು, ಅಷ್ಟೇ ಅವರ ಲೆಕ್ಕ. ಸಮಿತಿಯ ಮೂರನೇ ಸಹಿಯ ಜಾಗದಲ್ಲಿ ಗಂಟಕ್ಕ ‘ಬೇಡ’ ಎಂದು ಬರೆದು, ಸೊಂಟದ ಚೀಲದಿಂದ ಮೊಹರು ತೆಗೆದು ಯಜಮಾನರ ಮೇಜಿನ ಮೇಲಿಟ್ಟಳು. “ಈ ಪರೀಕ್ಷೆಯಿಂದ ಬಂದವರ ಬೆಲ್ಟಿಗೆ ನಾನು ಒತ್ತಲ್ಲ. ನಿಮಗೆ ನಂಬಿಕೆ ಇದ್ರೆ ನೀವೇ ಒತ್ತಿ ಸರ್.”

ಹೊಸಬರ ಮೊದಲ ಗುಂಪು ಬಂತು. ಅವರು ಹೊಲಿದ ಬೆಲ್ಟುಗಳು ಮೊಹರಿಲ್ಲದೆ ಗೋಡೆಗೊರಗಿ ರಾಶಿಯಾಗಿ ಬೆಳೆದವು. ನಾಲ್ಕನೇ ದಿನ ಯಜಮಾನರು ತಾವೇ ಕೆಳಗಿಳಿದು ಬಂದರು. ಹೊಲಿಗೆ ವಿಭಾಗ ನಿಂತುಹೋಯಿತು. ಅವರು ಕೂಗಿದರು, ಇವಳು ಕೂಗಿದಳು. ಕೆಲಸದಿಂದ ತೆಗೆಯುತ್ತೇನೆ ಎಂದರು. ತೆಗೆಯಿರಿ ಎಂದಳು. ಕೊನೆಗೆ ಯಜಮಾನರು ಸಿಟ್ಟಿನಲ್ಲೇ ರಾಶಿಯಿಂದ ಹತ್ತು ಬೆಲ್ಟು ಎತ್ತಿ ಎಳೆಯುವ ಯಂತ್ರಕ್ಕೆ ಹಾಕಿಸಿದರು. ನಾಲ್ಕು ಕಿತ್ತುಬಂದವು. ನಾಲ್ಕನೆಯದು ಕಿತ್ತಾಗ ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಮೊಹರು ಅವರ ಜೇಬಿನಲ್ಲೇ ಇತ್ತು. ಒತ್ತಲು ಅವರಿಗೂ ಕೈ ಬರಲಿಲ್ಲ.

ಆಮೇಲೆ ಆದದ್ದು ಹಾವೂ ಸಾಯದ, ಕೋಲೂ ಮುರಿಯದ ತೀರ್ಮಾನ. ಕಚೇರಿಯ ಕುರ್ಚಿ ಕೆಲಸಗಳಿಗೆ ಕೋಟಿನವನು, ಹೊಲಿಗೆಗೆ ಒಂದು ವರ್ಷ ಬೂಟಕ್ಕ, ಮೊಹರು ಮತ್ತೆ ಗಂಟಕ್ಕನ ಕೈಗೆ. ಅವಳು ಒಂದೇ ಥರದ ಐದು ಮಷೀನು ಹಾಕಿಸಿದ್ದರಿಂದ ದಿನಕ್ಕೆ ನಲವತ್ತು ಜನರನ್ನು ನೋಡಲು ಆಯಿತು. ಆರ್ಡರು ತಡವಾಯಿತು, ತಪ್ಪಿಹೋಗಲಿಲ್ಲ. ತುಂಡುಗಳನ್ನು ಇಬ್ಬರು ನೋಡಬೇಕು, ಯಾರದ್ದೆಂದು ಇಬ್ಬರಿಗೂ ಗೊತ್ತಿರಬಾರದು ಎಂದು ಬೂಟಕ್ಕ ನಿಯಮ ಮಾಡಿದಳು. ಗಂಟಕ್ಕ ಒಪ್ಪಿದಳು, ಗೊಣಗುವುದನ್ನು ಮಾತ್ರ ಬಿಡಲಿಲ್ಲ. ಮ್ಯಾನೇಜರು ಅವಳ ಜೊತೆ ಮಾತು ಬಿಟ್ಟರು. ಏನಾದರೂ ಹೇಳುವುದಿದ್ದರೆ ನನ್ನ ಮೂಲಕ ಹೇಳಿಸುತ್ತಿದ್ದರು.

ಮಷೀನು ಕೆಟ್ಟಿತ್ತು, ಮತ್ತೆ ಪರೀಕ್ಷೆಗೆ ಬನ್ನಿ ಎಂದು ತೊಂಬತ್ತಾರು ಜನರಿಗೂ ಕಾಗದ ಬರೆಯಿರಿ ಎಂದು ಗಂಟಕ್ಕ ಹಟ ಹಿಡಿದಳು. ಬರೆದವಳು ನಾನು. ನಲವತ್ತೊಂದು ವಿಳಾಸಗಳಷ್ಟೇ ಸಿಕ್ಕವು, ಹತ್ತೊಂಬತ್ತು ಜನ ಬಂದರು. ಅವರಲ್ಲಿ ಒಂಬತ್ತು ಜನ ಹೊಸ ಪರೀಕ್ಷೆಯಲ್ಲಿ ಗೆದ್ದು ಸೇರಿಕೊಂಡರು. ತಂಗಿಯ ಮಗಳು ಬರಲಿಲ್ಲ.

ಇಪ್ಪತ್ತನೆಯವಳಾಗಿ, ಎಲ್ಲ ಮುಗಿದ ಮೇಲೆ, ನಡುವಯಸ್ಸಿನ ಹೆಂಗಸೊಬ್ಬಳು ಕಾಗದ ಹಿಡಿದು ಬಂದಳು. ಮಷೀನು ತೋರಿಸಿದರೆ ಕೂರಲಿಲ್ಲ. “ನನಗೆ ನಿಮ್ಮ ಕೆಲಸ ಬೇಡ. ಬೇಡ ಅಂದೋರು ಯಾರು, ಅವರನ್ನ ಕರೀರಿ,” ಎಂದಳು. ಗಂಟಕ್ಕ ಎದ್ದು ಬಂದಳು. ಆ ಹೆಂಗಸು ಕಾಲು ಗಂಟೆ ಬೈದಳು. ಅವತ್ತು ಬಸ್ಸಿಲ್ಲದೆ ನಡೆದುಕೊಂಡು ಹೋದದ್ದು, ಗಂಡನಿಗೆ ಹೇಳಲು ನಾಚಿಕೆಯಾದದ್ದು, ಆಮೇಲೆ ಎರಡು ವರ್ಷ ಪರರ ಮನೆಯ ಪಾತ್ರೆ ತೊಳೆದದ್ದು, ಒಂದನ್ನೂ ಬಿಡದೆ ಹೇಳಿದಳು. ಗಂಟಕ್ಕ ಈಗ ಸಿಡಿಯುತ್ತಾಳೆ, ಈಗ ಸಿಡಿಯುತ್ತಾಳೆ ಎಂದು ನಾನು ಕಾದೆ. ಅವಳು ಕೈ ಕೆಳಗೆ ಬಿಟ್ಟು, ಆ ಹೆಂಗಸಿನ ಮುಖವನ್ನೇ ನೋಡುತ್ತ, ಕೊನೆಯ ಮಾತಿನವರೆಗೂ ನಿಂತಿದ್ದಳು. ಹೇಳುವುದೆಲ್ಲ ಮುಗಿದ ಮೇಲೆ ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು.